ನನ್ನ ಬಚ್ಚಲ ದೀಪ, ಅಣ್ಣನ ಅಡುಗೆಮನೆಯ ಗುಂಡಿ

ನಮ್ಮ ಬಚ್ಚಲಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ದೀಪದ ಒಂದು ಗುಂಡಿಯಿದೆ. ಒಂದು ಕಾಲಕ್ಕೆ ಹಾಲಿನ ಕೆನೆಯ ಬಣ್ಣದ್ದಾಗಿದ್ದು ಈಗ ಎಲೆಯಡಿಕೆ ಮೆಲ್ಲುವವರ ಹಲ್ಲಿನ ಬಣ್ಣಕ್ಕೆ ತಿರುಗಿರುವ ಆ ಗುಂಡಿಯ ಮೇಲ್ತುದಿಯನ್ನು ಒತ್ತಿದರೆ ದೀಪ ಹತ್ತುತ್ತದೆ, ಕೆಳತುದಿಯನ್ನು ಒತ್ತಿದರೆ ಆರುತ್ತದೆ. ಹತ್ತುವುದೂ ಆರುವುದೂ ಮಾತ್ರ ನಮ್ಮ ಬಚ್ಚಲಿನಲ್ಲಲ್ಲ. ಗೋಡೆಯಾಚೆ, ನನ್ನ ಅಣ್ಣನ ದೇವರ ಕೋಣೆಯಲ್ಲಿ. ನಮ್ಮ ಬಚ್ಚಲಿನ ದೀಪದ ಗುಂಡಿ ಅಣ್ಣನ ಅಡುಗೆಮನೆಯಲ್ಲಿದೆ. ನೀವು ನಗಬಹುದು. ಏಳು ವರ್ಷ ಹೀಗೆ ಸ್ನಾನ ಮಾಡಿದವನಿಗೆ ನಗು ಸ್ವಲ್ಪ ತಡವಾಗಿ ಬರುತ್ತದೆ.

ಇದೆಲ್ಲ ನಮ್ಮಪ್ಪನ ಉತ್ಸಾಹದ ಫಲ. ಹುಬ್ಬಳ್ಳಿಯ ಕಡೆಯಿಂದ ತಮಿಳುಸೀಮೆಗೆ ಬಂದು ಪುರಸೈವಾಕ್ಕಂನಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಅಪ್ಪ, ಮನೆ ಕಟ್ಟಿಸುವಾಗ ಅಮೆರಿಕ ನೋಡಿಬಂದ ಇಂಜಿನಿಯರ್ ಗೆಳೆಯನೊಬ್ಬನ ಮಾತಿಗೆ ಮರುಳಾದ. ಗೋಡೆಯ ಗುಂಡಿಗಳಲ್ಲಿ ಬರೀ ಇಪ್ಪತ್ತನಾಲ್ಕು ವೋಲ್ಟ್ ವಿದ್ಯುತ್ತು; ಒದ್ದೆ ಕೈಯಲ್ಲಿ ಮುಟ್ಟಿದರೂ ಭಯವಿಲ್ಲ. ಗುಂಡಿ ತಾನಾಗಿ ದೀಪ ಹೊತ್ತಿಸುವುದಿಲ್ಲ. ಟೆಲಿಫೋನಿನದರಂಥ ಸಣ್ಣ ತಂತಿಯ ಮೂಲಕ ಮೆಟ್ಟಿಲ ಕೆಳಗಿನ ತಗಡಿನ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ಸಾಲಾಗಿ ಕೂತ ರಿಲೇಗಳಲ್ಲಿ ಒಂದು ‘ಟಕ್’ ಎಂದು ಮಗ್ಗುಲು ಬದಲಿಸಿ, ನಿಜವಾದ ಕರೆಂಟನ್ನು ದೀಪಕ್ಕೆ ಬಿಡುತ್ತದೆ. ಹೀಗಾಗಿ ಯಾವ ದೀಪದ ಗುಂಡಿಯನ್ನಾದರೂ ಎಲ್ಲಿ ಬೇಕೆಂದರಲ್ಲಿ ಇಡಬಹುದು. ಅವ್ವ ಅಡುಗೆಮನೆಯಿಂದಲೇ ಅಪ್ಪನಿಗೆ ಬಚ್ಚಲ ದೀಪ ಹಚ್ಚುತ್ತಿದ್ದಳು. ಅಪ್ಪ ಮಿಂದು ಹೊರಬರುತ್ತ ದೇವರ ಕೋಣೆಯ ದೀಪ ಹಚ್ಚಿಕೊಂಡೇ ಹೋಗುತ್ತಿದ್ದ. ಅವನ ಮಂಚದ ತಲೆಯ ಬಳಿ ಒಂಬತ್ತು ಅಂಕಿಗಳ ದುಂಡನೆಯ ಡಯಲ್ ಇತ್ತು; ಅದನ್ನು ತಿರುಗಿಸಿ ಒತ್ತಿದರೆ ಇಡೀ ಮನೆಯನ್ನು ಮಲಗಿದಲ್ಲಿಂದಲೇ ಆರಿಸಬಹುದಿತ್ತು.

ಅಪ್ಪ, ಅವ್ವ ಹೋದ ಮೇಲೂ ಅಣ್ಣ ಮತ್ತು ನಾನು ಕೂಡಿಯೇ ಇದ್ದೆವು. ನನ್ನ ಹಿರಿಯ ಮಗಳ ಮದುವೆಯಲ್ಲಿ, ಅಣ್ಣನನ್ನು ಮೊದಲ ಪಂಕ್ತಿಯಲ್ಲಿ ಕೂರಿಸದೆ ಎರಡನೆಯ ಪಂಕ್ತಿಗೆ ನಿಲ್ಲಿಸಿಕೊಂಡೆನೆಂಬ ಕಾರಣಕ್ಕೆ ಮಾತು ಬಿಟ್ಟುಹೋಯಿತು. ಅವನು ಕೈ ತೊಳೆಯಲು ಹೋಗಿದ್ದನೆಂದು ನಾನು. ಕೈ ತೊಳೆಯುವುದನ್ನೇ ನಾನು ಕಾಯುತ್ತಿದ್ದೆನೆಂದು ಅವನು. ಆರು ತಿಂಗಳಲ್ಲಿ ನಡುಮನೆಗೆ ಅಡ್ಡಲಾಗಿ ಗೋಡೆ ಎದ್ದಿತು. ಅಡುಗೆಮನೆ, ದೇವರ ಕೋಣೆ, ಮೆಟ್ಟಿಲ ಕೆಳಗಿನ ಪೆಟ್ಟಿಗೆ ಅಣ್ಣನ ಪಾಲಿಗೆ. ಬಚ್ಚಲು ಮತ್ತು ಅಪ್ಪನ ಡಯಲ್ ನನ್ನ ಪಾಲಿಗೆ. ಮೇಸ್ತ್ರಿ ಗೋಡೆ ಕಟ್ಟಿ ಹೋದ. ಸೂರಿನೊಳಗಿನ ತಂತಿಗಳಿಗೆ ಮನೆ ಪಾಲಾದ ಸುದ್ದಿಯನ್ನು ಯಾರೂ ತಿಳಿಸಲಿಲ್ಲ.

ಸರಿಪಡಿಸಬಹುದಿತ್ತಲ್ಲ ಎನ್ನುತ್ತೀರಿ. ಅವರವರ ಪಾಲಿನ ಉಳಿದ ದೀಪಗಳಿಗೆ ಇಬ್ಬರೂ ಬೇರೆ ಗುಂಡಿ ಹಾಕಿಸಿಕೊಂಡೆವು; ಗೋಡೆ ದಾಟುವ ತಂತಿಗಳ ಮಾತೆತ್ತಿದರೆ ಮಾತ್ರ ಬಂದ ಪ್ರತಿಯೊಬ್ಬ ಎಲೆಕ್ಟ್ರಿಷಿಯನ್ನೂ ಆಚೆಮನೆಯವರನ್ನು ಒಂದು ಮಾತು ಕೇಳಿ ಎನ್ನುತ್ತಿದ್ದ. ಆ ಒಂದು ಮಾತೇ ಇಲ್ಲದ್ದಕ್ಕೆ ತಾನೇ ಗೋಡೆ ಎದ್ದದ್ದು? ಬೆಳಿಗ್ಗೆ ಐದೂವರೆಗೆ ಅತ್ತಿಗೆ ಕಾಫಿಗೆ ನೀರಿಡುತ್ತ ನಮ್ಮ ಬಚ್ಚಲ ದೀಪ ಹಚ್ಚುತ್ತಿದ್ದಳು, ಆರೂವರೆಗೆ ಆರಿಸುತ್ತಿದ್ದಳು. ಅಷ್ಟರಲ್ಲಿ ನಮ್ಮ ಮನೆಯ ಮೂವರೂ ಮಿಂದು ಮುಗಿಸಬೇಕು. ಪ್ರತಿಯಾಗಿ ನಾನು ಸ್ನಾನ ಮುಗಿಸಿ ಬರುತ್ತ ಅಣ್ಣನ ದೇವರಿಗೆ ಬೆಳಕು ಕೊಡುತ್ತಿದ್ದೆ. ಇದು ಶಾಂತಿಕಾಲದ ಮಾತು. ಸಿಟ್ಟು ಬಂದ ದಿನ ನಾನು ಡಯಲನ್ನು ನಾಲ್ಕಕ್ಕೆ ತಿರುಗಿಸಿ ಒತ್ತುತ್ತಿದ್ದೆ. ಅಣ್ಣನ ನಡುಮನೆ ಕತ್ತಲಾಗುತ್ತಿತ್ತು. ಮರುದಿನ ನನ್ನ ಮುಖದ ತುಂಬ ಸೋಪಿರುವಾಗ ಬಚ್ಚಲ ದೀಪ ಆರುತ್ತಿತ್ತು. ತಮಿಳಿನಲ್ಲೇ ಓದಿ ಬೆಳೆದ ಕಿರಿಯ ಮಗಳು ಹೊರಗಿನಿಂದ ವರದಿ ಒಪ್ಪಿಸುತ್ತಿದ್ದಳು: “ಅಪ್ಪಾ, ಪೆರಿಯಪ್ಪಾ ಆಫ್ ಪಣ್ಣಿಟ್ಟಾರು!” ದೊಡ್ಡಪ್ಪ ಆರಿಸಿದ್ದು ನನಗೆ ಗೊತ್ತಾಗದೆ ಇರುತ್ತದೆಯೇ, ಕಣ್ಣುರಿಯುತ್ತಿರುವುದೇ ನನ್ನದು.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿ ಶಾಂತಾ ಮತ್ತು ಅತ್ತಿಗೆ, ಕಿರಿಯ ಮಗಳನ್ನೂ ಕಟ್ಟಿಕೊಂಡು, ಹುಬ್ಬಳ್ಳಿಯ ಒಂದು ಮದುವೆಗೆ ಹೊರಟರು. ಒಂದೇ ರೈಲು, ಅಕ್ಕಪಕ್ಕದ ಸೀಟು, ಒಂದೇ ಡಬ್ಬಿಯ ಬುತ್ತಿ. ಗೋಡೆ ಗಂಡಸರಿಗಷ್ಟೇ ಕಟ್ಟಿದ್ದು ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಉಳಿದವರು ನಾವಿಬ್ಬರೇ. ಮರುದಿನ ಐದೂವರೆಗೆ ಬಚ್ಚಲ ದೀಪ ಹತ್ತಿತು. ಅಂದರೆ ಅಣ್ಣ ಎದ್ದುಹೋಗಿ ತನ್ನ ಬೆರಳಿನಿಂದಲೇ ಹಚ್ಚಿದ್ದ. ನಾನೂ ಅವನ ದೇವರ ದೀಪವನ್ನು ಎಂದಿಗಿಂತ ತುಸು ಮೆತ್ತಗೆ ಒತ್ತಿದೆ.

ಅದರ ಮರುದಿನ ದೀಪ ಹತ್ತಲಿಲ್ಲ. ಸೋಪಿನ ಡಬ್ಬಿಯ ಮೇಲೆ ಮೇಣದಬತ್ತಿ ನಿಲ್ಲಿಸಿ ಮಿಂದು, ಸಂಜೆ ಸಿಟ್ಟಿನಿಂದ ಡಯಲ್ ಒತ್ತಿದೆ. ಆಚೆಯಿಂದ ಎಂದಿನ ಗೊಣಗಾಟ ಕೇಳಲಿಲ್ಲ. ಎರಡನೆಯ ದಿನವೂ ಕತ್ತಲೆ. ಮತ್ತೆ ಡಯಲ್ ಒತ್ತಿದೆ, ಮತ್ತೆ ಮೌನ. ಮೂರನೆಯ ಬೆಳಿಗ್ಗೆ ಮೇಣದಬತ್ತಿಯ ಬೆಳಕಲ್ಲಿ ಕೂತಿದ್ದಾಗ ಸಿಟ್ಟು ಇಳಿದುಹೋಯಿತು. ಎಪ್ಪತ್ತೆರಡು ವರ್ಷದವನು, ಸಕ್ಕರೆ ಕಾಯಿಲೆಯವನು, ಸೇಡು ತೀರಿಸಿಕೊಳ್ಳುವುದನ್ನೂ ಬಿಟ್ಟನೆಂದರೆ ಏನರ್ಥ? ಒದ್ದೆ ಮೈಗೇ ಅಂಗಿ ಏರಿಸಿ, ಕೆಸರುನೀರು ತುಳಿಯುತ್ತ, ಏಳು ವರ್ಷಗಳಲ್ಲಿ ಮೊದಲ ಸಲ ಅವನ ಬಾಗಿಲಿಗೆ ಓಡಿದೆ.

ಬಾಗಿಲು ತೆರೆದೇ ಇತ್ತು. ಅಣ್ಣ ಹೊಸ್ತಿಲಲ್ಲಿ ಬಗ್ಗಿ, ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದ. ನನ್ನನ್ನು ಕಂಡು ಹಾಗೇ ನಿಂತ.

“ಆರಾಮ ಇದ್ದೀಯೇನೋ?” ಎಂದ. “ದೇವರ ದೀಪ ಮೂರು ದಿನಾ ಆತು ಒಂದೇ ಸವನ ಉರ್‍ಯಾಕ ಹತ್ತೈತಿ. ನಡುಮನಿ ದೀಪಾನೂ ಹಂಗ ಉರೀತೈತಿ, ನೀ ಆರಿಸಲಿಲ್ಲ. ನಿನಗ ಏನರ ಆಗೇತಿ ಅಂತ ನಿನ್ನ ಕಡೇನ ಹೊಂಟಿದ್ದೆ.”

“ಆರಿಸಾಕ ಒತ್ತೇ ಒತ್ತೇನಣ್ಣ. ನೀ ಬಚ್ಚಲ ದೀಪ ಹಚ್ಚಲಿಲ್ಲಲ್ಲ, ನಾ ನಿನಗ ಏನಾತೋ ಅಂತ...”

“ಒತ್ತಿ ಒತ್ತಿ ನನ್ನ ಹೆಬ್ಬೆಟ್ಟು ನೋಯಾಕ ಹತ್ತೈತಿ!” ಎಂದು ಅವನು ರೇಗಿದ. ಆ ರೇಗುವಿಕೆಯಷ್ಟು ಹಿತವಾದದ್ದನ್ನು ನಾನು ಬಹುಕಾಲದಿಂದ ಕೇಳಿರಲಿಲ್ಲ.

ತಗಡಿನ ಪೆಟ್ಟಿಗೆ ತೆರೆದರೆ ಸುಟ್ಟ ವಾಸನೆ. ತಿರುವೊಟ್ಟಿಯೂರಿನಿಂದ ಬಂದ ಹಿರಿಯ ಎಲೆಕ್ಟ್ರಿಷಿಯನ್ ಮುರುಗೇಶನ್ ಮೂಗು ತೂರಿಸಿ ನೋಡಿ, ಇಪ್ಪತ್ತನಾಲ್ಕು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ರಿಲೇಗಳಿಗೆ ಸುದ್ದಿಯೇ ಮುಟ್ಟುತ್ತಿಲ್ಲ, ಹತ್ತಿದ್ದು ಹತ್ತಿದಂತೆ, ಆರಿದ್ದು ಆರಿದಂತೆ ಉಳಿದಿದೆ ಎಂದು ತಮಿಳಿನಲ್ಲಿ ವಿವರಿಸಿದ. ಮಧ್ಯಾಹ್ನದೊಳಗೆ ಹೊಸದನ್ನು ತಂದು ಕೂರಿಸಿ ಕೇಳಿದ: “ಲೈನ್ ಎಲ್ಲಾಂ ಪಿರಿಚ್ಚು ವಿಡಟ್ಟುಮಾ ಸಾರ್?” ತಂತಿಗಳನ್ನು ಬೇರ್ಪಡಿಸಿ, ಅವರವರ ದೀಪ ಅವರವರ ಕೈಗೆ ಬರುವಂತೆ ಮಾಡಿಬಿಡಲೇ?

ಅರ್ಧ ದಿನದ ಕೆಲಸವಂತೆ. ಏಳು ವರ್ಷ ಕಷ್ಟಪಟ್ಟದ್ದು ಅರ್ಧ ದಿನದ ಕೆಲಸಕ್ಕಾಗಿ ಎಂಬುದನ್ನು ಅರಗಿಸಿಕೊಳ್ಳುತ್ತ ನಾನು ಅಣ್ಣನ ಮುಖ ನೋಡಿದೆ. ಅಣ್ಣ ಪೆಟ್ಟಿಗೆಯೊಳಗೆ ನೋಡುತ್ತಿದ್ದ.

“ಬ್ಯಾಡಪಾ, ಇರ್‍ಲಿ,” ಎಂದ. “ಕೂಡೇ ಇದ್ದಾವ, ಕೂಡೇ ಇರ್‍ಲಿ.”

ಪರೀಕ್ಷೆ ಮಾಡಬೇಕಲ್ಲ, ಆಚೆ ಒಬ್ಬರು ಒತ್ತಬೇಕು, ಈಚೆ ಒಬ್ಬರು ನೋಡಿ ಹೇಳಬೇಕು. ನಾನು ನನ್ನ ಮನೆಗೆ ಬಂದು ನಿಂತೆ. ಗೋಡೆಯಾಚೆಯಿಂದ ಅಣ್ಣ ಕೂಗಿದ: “ಹತ್ತೈತೇನೋ?” ನಾನು ಕೂಗಿದೆ: “ಹತ್ತೈತಿ!” ಆಮೇಲೆ ನಾನು ಒತ್ತಿ ಕೂಗಿದೆ, ಅವನು ನೋಡಿ ಕೂಗಿದ. ಇಬ್ಬರೂ ಗಂಟಲನ್ನು ಹೀಗೆ ಬಳಸಿ ಎಷ್ಟು ದಿನವಾಗಿತ್ತೋ, ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಒಂದೊಂದಾಗಿ ಗುಂಡಿಗಳೆಲ್ಲ ಮುಗಿದವು. ಮುರುಗೇಶನ್ ಚೀಲ ಹೆಗಲಿಗೇರಿಸಿ ನನ್ನ ಕಿಟಕಿಯ ಮುಂದೆ ಹಾದುಹೋಗುತ್ತ, “ಎಲ್ಲಾಂ ಮುಡಿಂಜಿಡುಚ್ಚು ಸಾರ್,” ಎಂದು ಕೈಮುಗಿದ. ಎಲ್ಲ ಮುಗಿಯಿತಂತೆ.

ಆಚೆಯಿಂದ ‘ಟಕ್’ ಎಂದಿತು. ಬಚ್ಚಲ ದೀಪ ನಡುಹಗಲಲ್ಲಿ ಜಗ್ಗನೆ ಬೆಳಗಿತು.

“ಹತ್ತೈತೇನೋ?” ಅಣ್ಣ ಕೂಗಿದ.

ನಾನು ಆ ಬೆಳಕಿನ ಕೆಳಗೇ ನಿಂತಿದ್ದೆ.

“ಇಲ್ಲಣ್ಣಾ,” ಎಂದು ಕೂಗಿದೆ, “ಇನ್ನೊಮ್ಮೆ ಒತ್ತು.”