ಸ್ಟೆನೋ ಅಮ್ಮನ ಬೆರಳು

ಅವರ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಮಿಕ್ಕ ಮೈಯೆಲ್ಲ ಕಲ್ಲಿನ ಹಾಗೆ ಕೂತಿರುತ್ತಿತ್ತು. ಆ ಒಂದು ಬೆರಳು ಮಾತ್ರ ಮಂಡಿಯ ಮೇಲೆ, ಸೀರೆಯ ನೆರಿಗೆಯ ಮೇಲೆ, ಕಾಫಿ ಲೋಟದ ಕಂಠದ ಮೇಲೆ ಸಣ್ಣ ಸಣ್ಣ ಗೀರು ಎಳೆಯುತ್ತಲೇ ಇರುತ್ತಿತ್ತು. ಮೊದಲು ನಾನು ನರದ ಕಾಯಿಲೆ ಇರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಬರೆಯುತ್ತಿತ್ತು. ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸಾಹೇಬರು ಹೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡ ಬೆರಳು. ಯಾರ ಮಾತು ಕಿವಿಗೆ ಬಿದ್ದರೂ, ತನಗೆ ಸಂಬಂಧವಿರಲಿ ಬಿಡಲಿ, ಬರೆದುಕೊಳ್ಳುತ್ತಿತ್ತು. ದೆಹಲಿಯ ಕನ್ನಡದವರು ಅವರನ್ನು ಸ್ಟೆನೋ ಅಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಅಂದೆ.

ನಾನು ಗಾರೆ ಕೆಲಸದವನು. ಬಾಗಲಕೋಟೆ ಕಡೆಯಿಂದ ಆರನೇ ಇಯತ್ತೆಗೆ ಶಾಲೆ ಬಿಟ್ಟು ಬಂದು, ಇಟ್ಟಿಗೆ ಹೊತ್ತು, ಕರಣೆ ಹಿಡಿದು, ಕೊನೆಗೆ ನನ್ನದೇ ಎಂಟು ಜನರ ಗ್ಯಾಂಗು ಕಟ್ಟಿದೆ. ಯಾರ ಹಂಗಿನಲ್ಲೂ ಬೆಳೆದವನಲ್ಲ. ನಾನು ಕಟ್ಟಿದ ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿ, ಕೂದಲೆಳೆ ಆಚೀಚೆ ಇದ್ದರೆ ಕೇಳಿ.

ನಮ್ಮ ಪರಿಚಯ ಆದದ್ದು ಲಕ್ಷ್ಮೀ ನಗರದ ಅವರ ಬಾಡಿಗೆ ಫ್ಲ್ಯಾಟಿನಲ್ಲಿ. ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ತೇವ ಹಿಡಿದ ಗೋಡೆ ಕೆತ್ತಿ ಹೊಸ ಗಿಲಾವು ಮಾಡಲು ಮನೆ ಮಾಲೀಕ ನನ್ನನ್ನು ಕಳಿಸಿದ್ದ. ನಾನು ಏಣಿ ಹತ್ತಿ ಕೆತ್ತುತ್ತಿದ್ದಾಗ ಅವರು ಫೋನಿನಲ್ಲಿ ತಂಗಿಗೆ ಜೋರಾಗಿಯೇ ಹೇಳಿದರು: "ಗೋಡೆ ರಿಪೇರಿಯವನು ಬಂದಿದಾನೆ ಕಣೇ. ಮುಖ ನೋಡಿದ್ರೆ ಹೋಗೋವಾಗ ಬಕೆಟ್ ಎತ್ಕೊಂಡು ಹೋಗೋ ಹಾಗಿದಾನೆ."

ದೆಹಲಿಯಲ್ಲಿ ನಮ್ಮವರು ಮಾಡುವ ತಪ್ಪೇ ಇದು. ಕನ್ನಡದಲ್ಲಿ ಮಾತಾಡಿದರೆ ಸುತ್ತ ಗೋಡೆ ಕಟ್ಟಿಕೊಂಡ ಹಾಗೆ ಎಂದು ತಿಳಿಯುತ್ತಾರೆ.

ನಾನು ಏಣಿಯ ಮೇಲಿಂದಲೇ ಅಂದೆ, "ಅಮ್ಮಾರ, ಬಕೆಟ್ ನಂದೇ ಐತ್ರಿ."

ಫೋನು ಹಿಡಿದ ಕೈ ಹಾಗೇ ನಿಂತಿತು. ಬೆರಳು ಮಾತ್ರ ಮಂಡಿಯ ಮೇಲೆ ನನ್ನ ಮಾತನ್ನು ಬರೆದುಕೊಂಡಿತು. ಆಮೇಲೆ ಅವರು ಎದ್ದು ಹೋಗಿ ಕಾಫಿ ತಂದಿಟ್ಟರು. "ತಪ್ಪು ನಂದು. ರೆಕಾರ್ಡ್ ಆಗಿದೆ," ಅಂದರು. ಅಷ್ಟೇ. ಹಲ್ಲು ಗಿಂಜಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಆ ಹೊತ್ತಿಗೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಅವರ ಕಷ್ಟ ನನಗೆ ಆ ಒಂದು ವಾರದಲ್ಲೇ ತಿಳಿಯಿತು. ಗೋಡೆಯ ಆಚೆ ಕೋಚಿಂಗ್ ಸೆಂಟರು. ಬೆಳಗಿನಿಂದ ಸಂಜೆಯವರೆಗೆ ಮಾಸ್ತರನೊಬ್ಬ ಮೈಕಿನಲ್ಲಿ ಲೆಕ್ಕಪತ್ರ ಪಾಠ ಮಾಡುತ್ತಿದ್ದ. ಇವರ ಬೆರಳು ಅದನ್ನೆಲ್ಲ ಬರೆಯುತ್ತಿತ್ತು. ಊಟಕ್ಕೆ ಕೂತರೆ ಅನ್ನದ ಮೇಲೂ ಬರೆಯುತ್ತಿತ್ತು. "ಆ ಮಾಸ್ತರನ ಪಾಠ ಈಗ ನಾನೇ ಮಾಡಬಲ್ಲೆ ಕಣಯ್ಯ," ಎಂದು ನಕ್ಕು, ಮರುಗಳಿಗೆಯೇ ಮುಖ ಬಿಗಿ ಮಾಡಿದರು. "ಸರ್ಕಾರ ನನಗೆ ಪಿಂಚಣಿ ಕೊಟ್ಟಿತು. ಈ ಬೆರಳಿಗೆ ಯಾರೂ ಕೊಡಲಿಲ್ಲ. ನಾಲ್ಕು ಕಡೆ ಗೋಡೆ, ಮಧ್ಯೆ ಅಂಗಳ. ಯಾರೂ ನನ್ನನ್ನ ನೋಡಬಾರದು, ಯಾರ ಮಾತೂ ನನಗೆ ಕೇಳಬಾರದು. ಅಂಥ ಮನೆ ಹುಡುಕ್ತಿದೀನಿ. ನೀನು ಗೋಡೆ ಬಲ್ಲವನು, ಜೊತೆಗೆ ಬಾ."

ಹೀಗೆ ಭಾನುವಾರಗಳಲ್ಲಿ ನಾವಿಬ್ಬರೂ ಮನೆ ನೋಡಲು ಹೊರಡುತ್ತಿದ್ದೆವು. ಅವರ ಕ್ರಮವೇ ಬೇರೆ. ಮಡಚುವ ಸ್ಟೂಲೊಂದನ್ನು ಹೊತ್ತು ತರುತ್ತಿದ್ದರು. ಅಂಗಳದ ನಡುವೆ ಅದನ್ನು ಹಾಕಿ, ಕೂತು, ಬಲಗೈಯನ್ನು ಮಂಡಿಯ ಮೇಲಿಟ್ಟು, ಒಂದು ಗಂಟೆ ಯಾರೂ ಮಾತಾಡಕೂಡದು ಎನ್ನುತ್ತಿದ್ದರು. ನನ್ನ ಕೆಲಸ ಅವರ ಬೆರಳನ್ನು ನೋಡುವುದು. ಅಲ್ಲಾಡಿದರೆ ಆ ಮನೆ ಬೇಡ. ಆಮೇಲೆ ನಾನು ಅಕ್ಕಪಕ್ಕದ ಮಾಳಿಗೆ ಹತ್ತಿ ಇಣುಕಬೇಕು.

"ಕಾಣಿಸ್ತೀನಾ?"

"ಕಾಣ್ತೀರಿ."

"ಎಷ್ಟು?"

"ಸ್ಟೂಲಿನ ಕಾಲಿನ ತನಕ ಕಾಣ್ತೀರಿ."

"ಚಲೋ, ಮುಂದಿನ ಮನೆ."

ವಸಂತ್ ಕುಂಜ್‌ನಲ್ಲಿ ಒಂದು ನೆಲಮಹಡಿಯ ಮನೆ ಚೆನ್ನಾಗಿತ್ತು. ವಿಮಾನದ ಸದ್ದಿಗೆ ಬೆರಳು ಕದಲಲಿಲ್ಲ, ಅದರಲ್ಲಿ ಮಾತಿಲ್ಲವಲ್ಲ. ಆದರೆ ಪಕ್ಕದ ಮನೆಯ ಗಿಳಿ "ಕೌನ್ ಹೈ, ಕೌನ್ ಹೈ" ಅಂದದ್ದೇ ಬೆರಳು ಶುರುವಾಯಿತು. ಸ್ಟೂಲು ಮಡಚಿದರು.

ಗಾಜಿಯಾಬಾದಿನ ಆಚೆ ಸಿಕ್ಕಿತು ಆ ಮನೆ. ಒಂದೇ ಸಾಲಿನಲ್ಲಿ ಹೊಸದಾಗಿ ಕಟ್ಟಿದ ಆರು ಮನೆ, ಪ್ರತಿಯೊಂದಕ್ಕೂ ಸುತ್ತ ಗೋಡೆ ಮತ್ತು ಅಂಗಳ. ಹಿಂದೆ ಉದ್ದಕ್ಕೂ ಎತ್ತರದ ಕಾಂಪೌಂಡು. ತೋರಿಸಿದವನು ಒಬ್ಬ ಪ್ರಾಪರ್ಟಿ ಡೀಲರ್, ಬಿಳಿ ಷೂ, ಬಾಯಿ ತುಂಬ ಏಲಕ್ಕಿ. ಸ್ಟೆನೋ ಅಮ್ಮ ನೋಟ್‌ಬುಕ್ ತೆರೆದು ಪೆನ್ಸಿಲ್ ಹಿಡಿದರು. ಮನೆ ನೋಡುವಾಗ ಎದುರಿನವನ ಮಾತನ್ನು ಹೀಗೆ ಬರೆದಿಟ್ಟುಕೊಳ್ಳುವುದು ಅವರ ವಾಡಿಕೆ. ಅವನು ಇಣುಕಿ ನೋಡಿ, "ಮೇಡಂ, ಡಿಸೈನ್ ಬನಾ ರಹೀ ಹೋ?" ಎಂದು, ಆ ಗೀರುಗಳನ್ನು ಚಿತ್ತಾರವೆಂದುಕೊಂಡು ನಕ್ಕ. ಹಿಂದಿನ ಕಾಂಪೌಂಡಿನ ಆಚೆ ಏನಿದೆ ಎಂದು ಕೇಳಿದರು. "ಗೋದಾಮ್ ಹೈ ಜೀ." ಹತ್ತಿರದಲ್ಲಿ ಮದುವೆ ಮೈದಾನ ಇದೆಯೇ ಎಂದರು. "ದೂರ್ ದೂರ್ ತಕ್ ನಹೀಂ."

ನಾನು ಕಾಂಪೌಂಡು ಹತ್ತಿ ನೋಡಿದೆ. ಹುಲ್ಲಿನ ಬಯಲು, ಮೂಲೆಯಲ್ಲಿ ಕಬ್ಬಿಣದ ಪೈಪುಗಳ ರಾಶಿ, ಬೊಂಬು, ತಾಡಪಾಲು. ಕಟ್ಟಡ ಕಟ್ಟುವವನ ಕಣ್ಣಿಗೆ ಅದು ಸಾರುವೆ ಸಾಮಾನಿನ ಗೋದಾಮಾಗಿಯೇ ಕಂಡಿತು. ಕೆಳಗಿಳಿದು, "ಗೋದಾಮೇ ಐತ್ರಿ," ಎಂದೆ. ಆ ಮಾತು ನನ್ನ ಬಾಯಿಂದ ಬಂತು. ಅದನ್ನು ಮರೆಯಲಾರೆ.

ಬೇರೆ ಬೇರೆ ಹೊತ್ತಿಗೆ ಮೂರು ಸಲ ಹೋದೆವು. ಮೂರು ಸಲವೂ ಬೆರಳು ಅಲ್ಲಾಡಲಿಲ್ಲ. ಆಗ ಶ್ರಾವಣ. ಮೂವತ್ತೈದು ವರ್ಷ ದೆಹಲಿಯಲ್ಲಿದ್ದರೂ ಅವರ ಗೋಡೆಯ ಮೇಲಿದ್ದದ್ದು ಊರಿನ ಕ್ಯಾಲೆಂಡರೇ. "ಆಷಾಢ ಕಳೆದು ಮದುವೆಗಳೆಲ್ಲ ಶುರುವಾಗೋ ತಿಂಗಳು ಇದು. ಶ್ರಾವಣದಲ್ಲೇ ವಾಲಗ ಕೇಳಲಿಲ್ಲ ಅಂದ್ಮೇಲೆ ಇನ್ನು ಯಾವಾಗ ಕೇಳತ್ತೆ," ಅಂದರು. ನಾನೂ ಹೌದು ಅಂದೆ. ನಾವಿಬ್ಬರೂ ನಮ್ಮೂರಿನ ಪಂಚಾಂಗ ಹಿಡಿದುಕೊಂಡು ಅವರ ಊರಿನ ಮನೆ ಕೊಂಡೆವು.

ಮನೆಗೆ ಬಂದ ಮೇಲೆ ಎರಡು ತಿಂಗಳು ಅವರು ಬದುಕಿದ ಹಾಗೆ ಯಾರೂ ಬದುಕಿಲ್ಲ. ಅಂಗಳದಲ್ಲಿ ನಾನೇ ತುಳಸಿ ಕಟ್ಟೆ ಕಟ್ಟಿಕೊಟ್ಟೆ. ನಾನು ಹೋದಾಗಲೂ ಮಾತಾಡಬೇಡ ಎಂದು ಕೈ ಎತ್ತುತ್ತಿದ್ದರು. ಬೆರಳು ಮಡಿಲಲ್ಲಿ ನಿದ್ದೆ ಮಾಡುತ್ತಿರುತ್ತಿತ್ತು. ಮಾತು ಬೇಕೆನಿಸಿದ ದಿನ ನನಗೆ ಬರೆಯುವುದನ್ನು ಕಲಿಸುತ್ತಿದ್ದರು. ಅಕ್ಷರ ಬರುತ್ತಿತ್ತು, ನಾಲ್ಕು ಸಾಲು ಕೂಡಿಸಲು ಬರುತ್ತಿರಲಿಲ್ಲ. "ಆಡಿದ್ದನ್ನ ಆಡಿದ ಹಾಗೇ ಬರಿ. ಸೇರಿಸಬೇಡ, ಬಿಡಬೇಡ. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೂ ಇಲ್ಲ," ಎನ್ನುತ್ತಿದ್ದರು.

ತುಳಸಿ ಹಬ್ಬದ ಸಂಜೆ ನೆಲ್ಲಿ ಕೊಂಬೆ ತೆಗೆದುಕೊಂಡು ಹೋದೆ. ಓಣಿಯ ತುದಿಗೆ ಬರುವಾಗಲೇ ಬ್ಯಾಂಡಿನ ಸದ್ದು. ಕಾಂಪೌಂಡಿನ ಆಚೆ ಬಣ್ಣದ ದೀಪ, ಶಾಮಿಯಾನ. ಪೈಪು, ಬೊಂಬು, ತಾಡಪಾಲುಗಳೆಲ್ಲ ಎದ್ದು ನಿಂತಿದ್ದವು. ಮೈಕಿನಲ್ಲಿ ಒಬ್ಬ ವರನ ಕಡೆಯವರನ್ನು ಊಟಕ್ಕೆ ಕರೆಯುತ್ತಿದ್ದ, ಕಳೆದುಹೋದ ಮಗುವಿನ ಹೆಸರು ಕೂಗುತ್ತಿದ್ದ. ಸ್ಟೆನೋ ಅಮ್ಮ ಕಟ್ಟೆಯ ಮುಂದೆ ಕೂತಿದ್ದರು. ದೀಪ ಹಚ್ಚಿರಲಿಲ್ಲ. ಬೆರಳು ಕುಂಕುಮದ ತಟ್ಟೆಯಲ್ಲಿ ಗೀರು ಎಳೆಯುತ್ತಿತ್ತು, ತಟ್ಟೆಯ ಕುಂಕುಮವೆಲ್ಲ ಚೆಲ್ಲಿತ್ತು.

ನನ್ನನ್ನು ಕಂಡು ನೋಟ್‌ಬುಕ್ ತೆರೆದರು. ಮೂರನೇ ಭೇಟಿ ಮುಗಿಸಿ ಹೊರಡುವಾಗ ಡೀಲರ್ ಗೋಡೆಗೆ ಮುಖ ಮಾಡಿ ಮೊಬೈಲಿನಲ್ಲಿ ಯಾರಿಗೋ ಹೇಳಿದ್ದನ್ನು ಓದಿದರು. "ಮೇಡಂ ಮದ್ರಾಸಿ ಹೈ, ದೇವ್‌ಉಠನೀ ಸೇ ಪೆಹ್ಲೇ ರಜಿಸ್ಟ್ರಿ ಕರವಾ ದೋ." ದೇವ್‌ಉಠನೀ ಎಂದರೆ ಏನೋ ಹಬ್ಬವಿರಬೇಕು, ಅದಕ್ಕೆ ಮುಂಚೆ ನೋಂದಣಿ ಮುಗಿಸಲಿ ಅಂತಾನೆ ಎಂದು ಆಗ ಬಿಟ್ಟಿದ್ದರಂತೆ. ಅದು ಕಾರ್ತಿಕದ ಏಕಾದಶಿ. ದೇವರು ನಿದ್ದೆಯಿಂದ ಏಳುವ ದಿನ. ಆಷಾಢದಿಂದ ಅಲ್ಲಿಯವರೆಗೆ ಆ ಸೀಮೆಯಲ್ಲಿ ಮದುವೆಯೇ ಇಲ್ಲ. ನಮ್ಮ ಶ್ರಾವಣ ಅವರಿಗೆ ಸೂತಕದಷ್ಟು ಮೌನ. ಅವನಿಗೆ ಇದೆಲ್ಲ ಗೊತ್ತಿತ್ತು, ಆ ಮೌನವನ್ನೇ ನಮಗೆ ಮಾರಿದ್ದ.

ಮಾರನೆಯ ದಿನ ಅವನ ಆಫೀಸಿಗೆ ಹೋದೆವು. ಗೋದಾಮು ಅಂದಿರಲಿಲ್ಲವೇ ಎಂದು ಅವರು ಕೇಳಿದರು. ಸಾಕ್ಷಿ ಯಾರು ಎಂದ. ನಾನು ಮುಂದೆ ಬಂದೆ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಯೇ ಅಂಗೂಠಾ ಛಾಪ್?" ಎಂದ. ಹೆಬ್ಬೆಟ್ಟಿನವನು ಅಂತ. ನನ್ನ ಕೈ ಮುಷ್ಟಿಯಾಯಿತು. ಸ್ಟೆನೋ ಅಮ್ಮ ನನ್ನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ನಾವು ಬಾಗಿಲು ದಾಟುವಾಗ ಅವನು ತನ್ನ ಜೊತೆಯವನಿಗೆ ನಗುತ್ತ ಅಂದದ್ದೂ ಅವರ ಕಿವಿಗೆ ಬಿತ್ತು: "ಬುಡ್ಢೋಂ ಕಾ ಕ್ಯಾ ಹೈ, ದೋ ಸಾಲ್ ಮೇಂ ಬೆಹ್ರೇ ಹೋ ಜಾಯೇಂಗೇ." ಮುದುಕರಿಗೇನು, ಎರಡು ವರ್ಷದಲ್ಲಿ ಕಿವುಡರಾಗುತ್ತಾರೆ.

ಹೊರಗೆ ಬಂದು ಅವರು ಪೆನ್ಸಿಲ್ಲನ್ನು ಚೀಲಕ್ಕೆ ಹಾಕಿದರು. "ಕೈ ಎತ್ತಬೇಡ. ಅವನ ಮಾತು ಅವನಿಗೇ ಸಾಕು."

ನಾನು ಹಿಂದಿನ ಗೋಡೆಯನ್ನು ಮೂರು ಅಡಿ ಏರಿಸಿದೆ. ಪ್ರಯೋಜನವಾಗಲಿಲ್ಲ, ಸದ್ದು ಅದರ ಮೇಲಿಂದಲೂ ಬಂತು. ಆದರೆ ಅಷ್ಟರಲ್ಲಿ ಅವರಿಗೆ ಬೇರೆ ಕೆಲಸ ಸಿಕ್ಕಿತ್ತು. ಸಾಲಿನ ಮಿಕ್ಕ ಐದು ಮನೆ ಇನ್ನೂ ಮಾರಾಟವಾಗಿರಲಿಲ್ಲ. ಡೀಲರ್ ಗಿರಾಕಿಗಳನ್ನು ಕರೆತಂದರೆ ಇವರು ಇಸ್ತ್ರಿ ಸೀರೆ ಉಟ್ಟು, ನೋಟ್‌ಬುಕ್ ಹಿಡಿದು, ಗೇಟಿನಿಂದ ಹೊರಗೆ ಬರುತ್ತಿದ್ದರು. ಕೋಪವಿಲ್ಲ, ಕೂಗಾಟವಿಲ್ಲ. ಸಾಹೇಬರ ಮುಂದೆ ಟಿಪ್ಪಣಿ ಓದುವ ದನಿ. ಪ್ರಶ್ನೆ, ಹಿಂದೆ ಏನಿದೆ. ಉತ್ತರ, ಗೋದಾಮು. ಪ್ರಶ್ನೆ, ಮದುವೆ ಮೈದಾನ. ಉತ್ತರ, ದೂರ ದೂರಕ್ಕೂ ಇಲ್ಲ. ಆಮೇಲೆ ದೇವ್‌ಉಠನೀ. ಕೊನೆಗೆ ಕಿವುಡರ ಮಾತು, ಅವನ ನಗು ಎಲ್ಲಿ ಬಂತೋ ಅಲ್ಲಿ ಸ್ವಲ್ಪ ನಿಲ್ಲಿಸಿ. ಮನೆ ನೋಡಲು ಬರುತ್ತಿದ್ದವರೆಲ್ಲ ನಿವೃತ್ತರೇ. ಕೇಳಿ, ಡೀಲರ್‌ನ ಮುಖ ನೋಡಿ, ಕಾರು ಹತ್ತುತ್ತಿದ್ದರು.

ಅವನು ವಾರ ಬದಲಿಸಿದ, ಹೊತ್ತು ಬದಲಿಸಿದ. ಮನೆಯಲ್ಲೇ ಇರುವವರಿಗೆ ಯಾವ ಹೊತ್ತಾದರೇನು. ನಾನು ಕೆಲಸವಿಲ್ಲದ ದಿನ ಸುಮ್ಮನೆ ಆ ಓಣಿಗೆ ಹೋಗಿ ಎದುರಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅವನ ಬಿಳಿ ಷೂ ಧೂಳಿನಲ್ಲಿ ಹಿಂದಕ್ಕೆ ಹೋಗುವುದನ್ನು ನೋಡಲು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಎರಡು ವರ್ಷದಲ್ಲಿ ಒಂದು ಮನೆಯೂ ಹೋಗಲಿಲ್ಲ. ಒಂದು ದಿನ ಅವನು ಒಬ್ಬನೇ ಬಂದು, ಅಂಗಳದಲ್ಲಿ ನಿಂತು ಕೈ ಮುಗಿದ. ಕೊಟ್ಟದ್ದನ್ನೆಲ್ಲ ವಾಪಸು ಕೊಡುತ್ತೇನೆ, ಮನೆ ಬಿಟ್ಟುಬಿಡಿ ತಾಯೀ ಎಂದ. ನಾಳೆ ಹೇಳುತ್ತೇನೆ ಎಂದು ಕಳಿಸಿದರು. ನನಗೆ ಎದೆ ಹಗುರವಾಯಿತು.

"ತಗೋರಿ ಅಮ್ಮಾರ. ಬ್ಯಾರೆ ಮನಿ ನೋಡೋಣು. ಸ್ಟೂಲು ನಾ ಹೊರ್ತೀನಿ. ನಿಮ್ಮ ಬೆರಳಿಗೆ ಆರಾಮ ಸಿಗ್ಲಿ."

ಅವರು ಬೆರಳನ್ನು ನೋಡಿಕೊಂಡರು. ಅದು ನನ್ನ ಮಾತನ್ನು ಬರೆದು ಮುಗಿಸುವವರೆಗೂ ಕಾದರು.

"ನಾನು ಹೋದ್ರೆ ಆ ಐದು ಮನೆ ವಾರದಲ್ಲಿ ಮಾರ್ತಾನೆ. ಐದು ಅಂಗಳದಲ್ಲಿ ಐದು ಮುದುಕರು ಕೂತ್ಕೋತಾರೆ. ಓದೋರು ಯಾರು?"

"ನಿಮಗ ಬೇಕಾಗಿದ್ದು ಮೌನ ಅಲ್ಲೇನ್ರಿ?"

"ಬೇಕಾಗಿತ್ತು. ಈಗ ಇದು ಅದಕ್ಕಿಂತ ರುಚಿಯಾಗಿದೆ ಕಣಯ್ಯ."

ಆಮೇಲಿನ ಮಾಘದಲ್ಲಿ ಅವರು ಹಾಸಿಗೆ ಹಿಡಿದರು. ಪುಣೆಯಿಂದ ತಂಗಿಯ ಮಗಳು ಬಂದಳು, ದೆಹಲಿಯಲ್ಲೇ ಬೆಳೆದು ಕೆಲಸಕ್ಕೆ ಅಲ್ಲಿಗೆ ಹೋದ ಹುಡುಗಿ. ಕಡೆಯ ಸಂಜೆ ನಾನು ಮಂಚದ ಪಕ್ಕದಲ್ಲಿದ್ದೆ. ಕಾಂಪೌಂಡಿನ ಆಚೆ ಬ್ಯಾಂಡು ಹೊಡೆಯುತ್ತಿತ್ತು, ಮೈಕಿನವನು ಯಾರನ್ನೋ ಕರೆಯುತ್ತಲೇ ಇದ್ದ. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ, ಅಂಗಳಗಳಲ್ಲಿ ನೋಡುತ್ತಿದ್ದ ಹಾಗೆ. ರಗ್ಗಿನ ಮೇಲೆ ಬೆರಳು ಅಲ್ಲಾಡಲಿಲ್ಲ. ಹುಡುಗಿಯನ್ನು ಕೂಗಿದೆ.

ಹದಿಮೂರನೇ ದಿನ ಮುಗಿದ ವಾರ ಡೀಲರ್ ಬಂದ. ಹಿಂದೆ ಒಬ್ಬ ವಯಸ್ಸಾದ ಗಂಡ, ಹೆಂಡತಿ. ಪಕ್ಕದ ಮನೆಯ ಬೀಗ ತೆಗೆಯುತ್ತ, ನಾವು ಕೇಳಲಿ ಎಂದೇ, "ಅಬ್ ತೋ ಏಕ್‌ದಮ್ ಶಾಂತಿ ಹೈ ಜೀ," ಎಂದ. ಆ ಮಧ್ಯಾಹ್ನ ಮದುವೆಯಿರಲಿಲ್ಲ.

ನಾನು ಒಳಗೆ ಹೋಗಿ ನೋಟ್‌ಬುಕ್ ತಂದೆ. ಹುಡುಗಿ ನನ್ನ ಕೈ ನೋಡಿ ಪಿಸುಗುಟ್ಟಿದಳು, "ಅಂಕಲ್, ಇದು ಶಾರ್ಟ್‌ಹ್ಯಾಂಡ್. ಆಪ್‌ಕೋ ಪಢ್ನಾ ಬರುತ್ತಾ?"

"ಬರ್ತೈತಿ," ಎಂದೆ.

ಒಂದು ಗೀರೂ ಬರುತ್ತಿರಲಿಲ್ಲ. ಆದರೆ ಎರಡು ವರ್ಷ ಆ ಕಟ್ಟೆಯ ಮೇಲೆ ಕೂತು ಕೇಳಿದ ಒಂದು ಮಾತನ್ನೂ ನಾನು ಬಿಟ್ಟಿರಲಿಲ್ಲ. ಗೇಟಿನ ಹೊರಗೆ ನಿಂತು, ಹಾಳೆ ಬಿಚ್ಚಿ, ಆ ಹುಳುಗಳಂಥ ಗೀರುಗಳ ಕೆಳಗೆ ನನ್ನ ತೋರುಬೆರಳನ್ನು ಇಟ್ಟುಕೊಂಡು, ಅವರ ದನಿಯಲ್ಲೇ ಓದಿದೆ. ಪ್ರಶ್ನೆ, ಹಿಂದೆ ಏನಿದೆ. ಉತ್ತರ, ಗೋದಾಮು. ದೇವ್‌ಉಠನೀಯನ್ನೂ ಓದಿದೆ. ನನ್ನನ್ನು ಹೆಬ್ಬೆಟ್ಟು ಅಂದದ್ದನ್ನೂ ಓದಿದೆ. ಅವರು ಗಿರಾಕಿಗಳ ಮುಂದೆ ಅದನ್ನು ಎಂದೂ ಓದುತ್ತಿರಲಿಲ್ಲ, ನನ್ನ ಮಾನಕ್ಕೆಂದು ಬಿಡುತ್ತಿದ್ದರು. ನಾನು ಬಿಡಲಿಲ್ಲ. ಸೇರಿಸಬೇಡ, ಬಿಡಬೇಡ ಎಂದು ಕಲಿಸಿದವರು ಅವರೇ.

ಡೀಲರ್‌ನ ಬಾಯಲ್ಲಿ ಏಲಕ್ಕಿ ಅಗಿಯುವುದು ನಿಂತಿತ್ತು. ಬೀಗದ ಕೈ ಬೀಗದಲ್ಲೇ ಇತ್ತು. ಗಿರಾಕಿ ಮುದುಕ ಕಿವಿಯ ಹಿಂದೆ ಕೈಯಿಟ್ಟುಕೊಂಡು ಎರಡು ಹೆಜ್ಜೆ ಹತ್ತಿರ ಬಂದ.

"ಔರ್ ಪಢಿಯೇ," ಅಂದ, ಇನ್ನೂ ಓದಿ ಎಂದು.

ನಾನು ಹಾಳೆ ತಿರುವಿದೆ.