ಬಾಡಿಗೆ ಬಿಸಿಲಿನ ಟೈಟಲ್ ಹಾಡು

ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿದಾಗ ಮೊಬೈಲಿಗೆ ಕಾಲರ್ ಟ್ಯೂನ್ ಹಾಕಿಸಿಕೊಳ್ಳುವ ಹುಚ್ಚು ಊರಿಗೆಲ್ಲ ಹಿಡಿದಿತ್ತು. ಆ ಹಾಡುಗಳನ್ನು ಕೇಳಿ, ವಿಂಗಡಿಸಿ, ಫೋನ್ ಕಂಪನಿಗಳಿಗೆ ಕೊಡುವುದು ನಮ್ಮ ಆಫೀಸಿನ ಕೆಲಸ. ಕನ್ನಡದ ಆಲ್ಬಂಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. "ಹಾಡು ಕೇಳಿ ಸಂಬಳ ತಗೊಳ್ತೀಯಲ್ಲೇ, ಪುಣ್ಯವಂತೆ" ಎಂದು ದಾವಣಗೆರೆಯಿಂದ ಅಕ್ಕ ಅಣಕಿಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಆ ಪುಣ್ಯ ಎಷ್ಟು ಬೇಗ ಸವೆಯುತ್ತದೆಂದು ಅವಳಿಗೇನು ಗೊತ್ತು.

ಮದುವೆಯಾಗಿ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿಗೆ ಬಂದ ಹೊಸತು. ಗಂಡನಿಗೆ ಅತ್ತಿಬೆಲೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾನು ಏಳುವಾಗ ಅವರು ಹೊರಟಿರುತ್ತಿದ್ದರು, ಇಲ್ಲವೇ ಆಗತಾನೇ ಬಂದು ಮಲಗಿರುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ನಿದ್ದೆ ಮಾಡುವವರ ಹತ್ತಿರ ಏನು ಮಾತಾಡುವುದು? ಪಕ್ಕದ ಮನೆಯವರು ಲಿಫ್ಟಿನಲ್ಲಿ ನಕ್ಕು ಮೊಬೈಲ್ ನೋಡುತ್ತಿದ್ದರು. ಆಫೀಸಿನಲ್ಲಿ ನನ್ನ ಸಾಲಿನಲ್ಲಿದ್ದವರು ಹಿಂದಿ, ತೆಲುಗು, ತಮಿಳು ಹಾಡಿನವರು, ಎಲ್ಲರೂ ಅವರವರ ಹೆಡ್‌ಫೋನಿನೊಳಗೆ. ನಾನೋ ಹುಟ್ಟಾ ಬಾಯಿಬಡುಕಿ. ಊಟಕ್ಕೆ ಕೂತರೆ ಮನೆಮಂದಿಯೆಲ್ಲ ಒಟ್ಟಿಗೇ ಮಾತಾಡುವ ವಂಶ ನಮ್ಮದು. ಇಲ್ಲಿ ಮಾತಿಗೆ ಎಂಥ ಬರ ಬಂತೆಂದರೆ, ಹಾಲು ಉಕ್ಕಿದರೆ ಹಾಲಿಗೇ ಬೈದು ಖುಷಿಪಡುತ್ತಿದ್ದೆ. ಆ ಒಂಟಿತನ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿತ್ತು.

ಇದ್ದ ಒಂದೇ ಆಸರೆ ಮಂಗಳವಾರದ ಫೋನು. ಪ್ರತಿ ಆಲ್ಬಂನಲ್ಲೂ ಅದಕ್ಕೆ ಹೆಸರು ಕೊಟ್ಟ ಒಂದು ಹಾಡನ್ನು ಟೈಟಲ್ ಟ್ರ್ಯಾಕ್ ಎಂದು ಗುರುತಿಸಬೇಕಿತ್ತು, ಗಿರಾಕಿಗಳಿಗೆ ಮೊದಲು ಕೇಳಿಸುವುದು ಅದನ್ನೇ. ಅನುಮಾನ ಬಂದರೆ 'ಪೆಂಡಿಂಗ್' ಎಂದು ಹಾಕಿ, ಮಂಗಳವಾರ ಪೀಣ್ಯಕ್ಕೆ ಫೋನ್ ಮಾಡಿ ಕೇಳಬೇಕು. ಆ ಆಲ್ಬಂಗಳ ಸಿಡಿಗಳು ತಯಾರಾಗುತ್ತಿದ್ದುದು ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಪೆಂಡಿಂಗ್ ತೆಗೆಯಬಹುದು, ಅಲ್ಲಿಯವರೆಗೆ ವಾರವಾರವೂ ಫೋನು. ಅಲ್ಲಿ ಕವರ್ ಅಚ್ಚಿನ ಉಸ್ತುವಾರಿ ನೋಡುತ್ತಿದ್ದವರು ಪೀಣ್ಯದ ಹಳೇ ಊರಿನವರು, ಕ್ಯಾಸೆಟ್ ಕಾಲದಿಂದಲೂ ಇದ್ದವರು. ಅವರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ. ಅವರಿಗೆ ನಾನು ಮೇಡಂ, ನನಗೆ ಅವರು ಸಾರ್.

ಎಷ್ಟೋ ಅನುಮಾನಗಳು ಎರಡು ಮಾತಿನಲ್ಲಿ ಮುಗಿದುಹೋಗುತ್ತಿದ್ದವು, ನನಗೆ ಬೇಸರವಾಗುವಷ್ಟು ಬೇಗ. ಹಾಗಿರುವಾಗ 'ಬಾಡಿಗೆ ಬಿಸಿಲು' ಬಂತು. ಕಾಲೇಜು ಮುಗಿಸಿದ ಒಂದಿಷ್ಟು ಹುಡುಗರು ಗಿಟಾರ್ ಹಿಡಿದು ಮಾಡಿದ ಪಾಪ್ ಆಲ್ಬಂ. ಆ ಹೆಸರಿನ ಹಾಡೇ ಅದರಲ್ಲಿರಲಿಲ್ಲ. ಆದರೆ 'ಬಾಲ್ಕನಿ' ಎಂಬ ಹಾಡಿನ ಎರಡನೆಯ ಚರಣದಲ್ಲಿ ಆ ಮಾತು ಒಂದೇ ಒಂದು ಸಲ ಬರುತ್ತಿತ್ತು. ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಬಾಲ್ಕನಿಗೆ ದಿನಕ್ಕೆ ಅರ್ಧ ಗಂಟೆ ಬಿಸಿಲು ಬರುತ್ತದೆ, ಒಬ್ಬಳು ಬಟ್ಟೆ ಒಣಹಾಕುವ ನೆಪದಲ್ಲಿ ಅಲ್ಲಿ ನಿಲ್ಲುತ್ತಾಳೆ, ಅಷ್ಟೇ ಹಾಡು. ಮೊದಲ ಸಲ ಕೇಳಿದಾಗ ನನ್ನ ಕಣ್ಣು ತುಂಬಿತು. ಇದೇ ಟೈಟಲ್ ಹಾಡು ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ.

"ಅಂಗಾಗಕಿಲ್ಲ ಮೇಡಂ" ಎಂದರು ಅವರು. "ಕವರ್ ಮ್ಯಾಲೆ ಆಲ್ಬಂ ಹೆಸ್ರೂ ಹಾಡಿನ್ ಹೆಸ್ರೂ ಒಂದೇ ಇದ್ರೆ ಅದು ಟೈಟಲ್. ಇಲ್ದಿದ್ರೆ ಆ ಆಲ್ಬಂಗೆ ಟೈಟಲ್ ಹಾಡೇ ಇಲ್ಲ. ಮನೆಗೊಂದು ಹೆಸ್ರು ಇಟ್ಟವ್ರೆ ಅಂತ ಅಡ್ಗೆಮನೆಗೂ ಅದೇ ಹೆಸ್ರಾ?"

"ಅಲ್ರೀ ಸಾರ್, ನಮ್ಮೂರಲ್ಲಿ ದೋಸೆ ಹೋಟೆಲ್ ಬೋರ್ಡ್ ಮೇಲೆ ಮಾಲೀಕನ ಹೆಸರಿರುತ್ತೆ. ಜನ ಹೋಗೋದು ಮಾಲೀಕನ್ನ ನೋಡೋಕಾ, ದೋಸೆ ತಿನ್ನೋಕಾ?"

ಅವರು ನಕ್ಕರು. ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಮುಂದಿನ ಮಂಗಳವಾರ, ಅದರ ಮುಂದಿನ ಮಂಗಳವಾರ, ಹಾಡು ಪೆಂಡಿಂಗ್ ಆಗಿಯೇ ಉಳಿಯಿತು. ಒಂದು ಸಾಲು ಬಂದ ಮಾತ್ರಕ್ಕೆ ಟೈಟಲ್ ಆಗುವುದಾದರೆ ಎಲ್ಲ ಹಾಡಿನಲ್ಲೂ ಬರುವ 'ಪ್ರೀತಿ' ಏನಾಗಬೇಕು ಎಂದು ಅವರು. ಹಾಡು ಕೇಳಿದವರ ಬಾಯಲ್ಲಿ ಉಳಿಯುವುದೇ ಅದರ ಹೆಸರು ಎಂದು ನಾನು. "ರೊಟ್ಟಿ ತಿನ್ನೋರ ಹಠ ಬಾಳ ಗಟ್ಟಿ ಬುಡಿ" ಎಂದು ಅವರು ಕಾಲೆಳೆದರೆ, "ಮುದ್ದೆ ತಿನ್ನೋರದ್ದು ಅಗಿಯೋಕೂ ಬರಲ್ಲ, ನುಂಗೋದೇ" ಎಂದು ನಾನು ತಿರುಗಿಸುತ್ತಿದ್ದೆ. ನಡುವೆ ಮಾತು ಎಲ್ಲೆಲ್ಲಿಗೋ ಹರಿಯುತ್ತಿತ್ತು. ಅವರೆಕಾಯಿಯ ಸೊಗಡು ಈ ಸಲ ಸಾಲದು, ಮಂಡಕ್ಕಿಗೆ ಒಗ್ಗರಣೆ ಹೇಗೆ, ಊಟ ಆಯ್ತಾ, ಏನು ಸಾರು. ಊಟ ಆಯ್ತಾ ಎಂದು ಆ ಊರಿನಲ್ಲಿ ನನ್ನನ್ನು ಕೇಳುತ್ತಿದ್ದವರು ಅವರೊಬ್ಬರೇ. ಸೋಮವಾರ ಸಂಜೆ ಬಸ್ಸಿನಲ್ಲಿ ನಿಂತು ಹೊಸ ಹೊಸ ವಾದ ಹುಡುಕುತ್ತಿದ್ದೆ. ಗೆಲ್ಲಬೇಕೆಂದೇ ಅಂದುಕೊಂಡಿದ್ದೆ.

ಒಂದು ಮಂಗಳವಾರ ನಾನು ಬಾಯಿ ತೆರೆಯುವ ಮೊದಲೇ ಅವರು, "ನೀವ್ ಯೋಳಿದ್ದೇ ಸರಿ ಮೇಡಂ" ಎಂದರು.

"ಏನು ಸಾರ್?"

"ಇಷ್ಟ್ ದಿನ ಕವರ್ ನೋಡ್ಕಂಡೇ ಮಾತಾಡ್ತಿದ್ದೆ. ಭಾನ್ವಾರ ಮನೇಲಿ ಹಾಡು ಪೂರ್ತಿ ಕೇಳ್ದೆ. ನಮ್ಮನೆ ಅಂಗಳಕ್ಕೂ ಈಗ ಅರ್ಧ ಗಂಟೆನೇ ಬಿಸ್ಲು. ಮೂರ್ ಕಡೆಯಿಂದ್ಲೂ ಗೋಡೆ ಎದ್ದವೆ. ನಮ್ಮನೆಯವ್ರು ಇದ್ದಾಗ ರಾಗಿ ಒಣಗಾಕ್ತಿದ್ರು, ಈಗ ನಾನೊಬ್ನೇ ಕುರ್ಚಿ ಆಕ್ಕಂಡು ಕೂತ್ಕತೀನಿ. ಅದೇ ಟೈಟಲ್ ಹಾಡು. ಪೆಂಡಿಂಗ್ ತೆಗ್ದುಬುಡಿ" ಎಂದರು.

ಅವರಿಗೆ ಹೆಂಡತಿ ಇಲ್ಲವೆಂದು ನನಗೆ ತಿಳಿದದ್ದು ಆಗಲೇ. ಅದಕ್ಕೆ ಏನಾದರೂ ಹೇಳಬೇಕಿತ್ತು. ನನಗೆ ಕಂಡದ್ದು ಮಾತ್ರ ಖಾಲಿ ಮಂಗಳವಾರ. ನನ್ನ ಗೆಲುವಿನ ವಿರುದ್ಧ ನಾನೇ ನಿಂತೆ. "ಅಲ್ಲ ಸಾರ್, ನೀವು ಹೇಳಿದ್ದರಲ್ಲೂ ನ್ಯಾಯ ಇದೆ. ಕವರ್ ಮೇಲೆ ಇಲ್ಲವಲ್ಲ. ಇನ್ನೊಂದು ವಾರ ನೋಡೋಣ್ವಾ?"

"ಗೆದ್ದೋರು ಇಂಗಾ ಮಾತಾಡೋದು?" ಎಂದು ನಕ್ಕರು. "ತೆಗ್ದುಬುಡಿ. ಮ್ಯಾಲಿನೋರು ಕೇಳ್ತಾವ್ರೆ."

ತೆಗೆದೆ. 'ಬಾಲ್ಕನಿ' ಮೊದಲ ಹಾಡಾಯಿತು. ಅದನ್ನು ಯಾರು ಹಾಕಿಸಿಕೊಂಡರೋ, ಯಾರ ಫೋನಿನಲ್ಲೂ ನನಗೆ ಅದು ಕೇಳಿಸಲಿಲ್ಲ. ಆಮೇಲೆ ಬಂದದ್ದೆಲ್ಲ ಸಿನಿಮಾ ಹಾಡುಗಳು, ದೇವರ ಹಾಡುಗಳು. ಎಲ್ಲದಕ್ಕೂ ಹೆಸರು ನೆಟ್ಟಗಿತ್ತು, ಹುಡುಕಿದರೂ ಒಂದು ಅನುಮಾನ ಸಿಗಲಿಲ್ಲ.

ಹೀಗೇ ಒಂದು ಮಂಗಳವಾರ ಊಟದ ಹೊತ್ತಿಗೆ ತಡೆಯಲಾರದೆ ಪೀಣ್ಯಕ್ಕೆ ಫೋನ್ ಮಾಡಿದೆ. ಅವರೇ ಎತ್ತಿದರು.

"ಯೋಳಿ ಮೇಡಂ, ಯಾವ ಹಾಡು?"

ಊಟ ಆಯ್ತಾ ಸಾರ್ ಎಂದು ಕೇಳಿದ್ದರೆ ಸಾಕಿತ್ತು. ಆದರೆ ಕೆಲಸವಿಲ್ಲದೆ, ಮುಖ ನೋಡದ ಗಂಡಸಿಗೆ, ಮದುವೆಯಾದವಳು ಆಫೀಸಿನ ಫೋನಿನಿಂದ ಏನೆಂದು ಕೇಳುವುದು?

"ಯಾವ ಹಾಡೂ ಇಲ್ಲ ಸಾರ್. ಕೈತಪ್ಪಿ ನಿಮ್ಮ ನಂಬರ್ ಒತ್ತಿಬಿಟ್ಟೆ" ಎಂದೆ.

"ಪರ್ವಾಗಿಲ್ಲ ಬುಡಿ" ಎಂದರು. ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಅವರ ಉಸಿರು ಕೇಳಿಸುತ್ತಿತ್ತು, ನನ್ನದೂ ಅವರಿಗೆ ಕೇಳಿಸುತ್ತಿದ್ದಿರಬೇಕು. ಮಾತು ಮುಂದುವರಿಸಲು ಇಬ್ಬರಿಗೂ ಒಂದು ಕಾರಣ ಹೊಳೆಯಲಿಲ್ಲ. ಕೊನೆಗೆ ನಾನೇ ಇಟ್ಟೆ.