ಭಂಡಾರ ಬಿದ್ದ ಬೆಳ್ಳಿ

ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ ಬೆಳಗಿನಿಂದ ಯಾರೋ ವಾಯರು ಸುಡುತ್ತಿದ್ದಾರೆ. ತಾಮ್ರ ಬಿಡಿಸಿಕೊಳ್ಳಲು ಮೇಲಿನ ರಬ್ಬರು ಸುಡುತ್ತಾರಲ್ಲ, ಆ ವಾಸನೆ. ಗೋಕಾಕದಲ್ಲಿ ಇದೇನು ಹೊಸದಲ್ಲ. ಆದರೂ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋದವಳು ಬಕೆಟ್ಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಈ ಹೊಗೆ ಬಂದರೆ ಉಳಿದವರಿಗೆ ಕೆಮ್ಮು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ನನ್ನ ಗಂಡನ ಪ್ರಕಾರ ನನಗೆ ಸಿಟ್ಟು ಬರಲು ಹೊಗೆಯೇ ಆಗಬೇಕೆಂದಿಲ್ಲ, ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಸಾಕು. ಇರಲಿ, ಅದು ಅವರ ಅನುಭವ. ಆದರೆ ಈ ಒಂದು ಸಿಟ್ಟಿಗೆ ಕಾರಣವಿದೆ. ಕೇಳಿದ ಮೇಲೆ ನಿಮಗೂ ಬರದಿದ್ದರೆ ಹೇಳಿ.

ನಿಂಗವ್ವ ಅತ್ತಿ ನಮ್ಮಪ್ಪನ ತಂಗಿ. ಹುಕ್ಕೇರಿ ತಾಲೂಕಿನ ಹತ್ತರಗಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದು, ‘ಆಕಿನೂ ಇರ್ಲಿ, ನೀನೂ ಇರು’ ಎಂದನಂತೆ. ಅತ್ತಿ ಇರಲಿಲ್ಲ. ಒಂದು ಟ್ರಂಕು ಹೊತ್ತುಕೊಂಡು ಹೆದ್ದಾರಿಗೆ ಬಂದು ಬಸ್ಸಿಗೆ ಕೈ ಮಾಡಿದಳು, ಮೂಡಲಗಿ ಹತ್ತಿರದ ನಮ್ಮೂರಿಗೆ ಬಂದಿಳಿದಳು. ತವರುಮನೆಯಲ್ಲಿ ಅವಳಿಗೆ ಮಲಗಲು ಸಿಕ್ಕಿದ್ದು ಪಡಸಾಲೆ, ಜೋಳದ ಚೀಲಗಳ ಬಾಜೂ. ನೀರು ಕುಡಿಯಲು ಎದ್ದವರೂ, ಹೊರಕಡೆಗೆ ಎದ್ದವರೂ ಅವಳನ್ನು ದಾಟಿಯೇ ಹೋಗಬೇಕು. ಒಮ್ಮೊಮ್ಮೆ ತುಳಿದೂ ಹೋಗುತ್ತಿದ್ದರು. ನನ್ನ ತಲೆ ಹಿಕ್ಕುವಾಗ ಅತ್ತಿ ಹೇಳುತ್ತಿದ್ದಳು, ‘ನನಗೇನು ವಾಡೆ ಬ್ಯಾಡವಾ. ಒಂದ ಖೋಲಿ ಬೇಕು. ಒಳಗಿಂದ ಚಿಲಕಾ ಹಾಕ್ಕೊಂಡು ಮಕ್ಕೊಳ್ಳುವಂಥಾದ್ದು.’

ನಾನಾಗ ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ವರ್ಷ ಘಟಪ್ರಭೆ ದಂಡೆ ಮೀರಿ ಹರಿದು ಕಬ್ಬಿನ ಹೊಲಗಳನ್ನೆಲ್ಲ ಮುಳುಗಿಸಿತು. ನೀರು ಇಳಿದ ಮೇಲೆ ಹೊಲದವರು ತಮ್ಮ ತಮ್ಮ ಪಂಪು ಎಳೆದುಕೊಂಡು ಹೋದರು. ಕೆಸರಿನಲ್ಲಿ ಉಳಿದದ್ದು ತುಂಡು ವಾಯರು, ಒಡೆದ ಸ್ಟಾರ್ಟರ್ ಡಬ್ಬಿ, ಬಾಗಿದ ಪೈಪು, ಹಿತ್ತಾಳೆಯ ಚೂರು. ಇಂಥ ಹಳೆಯ ಕಬ್ಬಿಣ-ತಾಮ್ರಕ್ಕೆಲ್ಲ ನಮ್ಮ ಕಡೆ ಮೋಡಕಾ ಎನ್ನುತ್ತೇವೆ. ಅತ್ತಿ ಕಚ್ಚೆ ಬಿಗಿದು ಮೊಣಕಾಲುದ್ದ ಕೆಸರಿಗೆ ಇಳಿದಳು. ಕದ್ದಳೆಂದು ತಿಳಿಯಬೇಡಿ. ಒಂದೊಂದು ಚೂರಿಗೂ ಹೊಲದವರನ್ನು ಹುಡುಕಿಕೊಂಡು ಹೋಗಿ, ‘ಇದು ನಿಮಗ ಬೇಕೇನ್ರಿ?’ ಎಂದು ಕೇಳಿಯೇ ತರುತ್ತಿದ್ದಳು. ‘ಒಯ್ಯವಾ, ಹೊಲಾನರ ಹಸನಾಗತೈತಿ’ ಎನ್ನುತ್ತಿದ್ದರು ಅವರು. ಹೊಳೆಯ ಮೋಡಕಾ ಮುಗಿದ ಮೇಲೆ ಮೋಟರು ಕಟ್ಟುವ ಅಂಗಡಿ, ಟ್ರ್ಯಾಕ್ಟರಿನ ಗ್ಯಾರೇಜು, ಬೆಲ್ಲದ ಗಾಣ ಎಂದು ಊರೂರು ಅಡ್ಡಾಡತೊಡಗಿದಳು. ನಮ್ಮ ಹಿತ್ತಲಲ್ಲಿ ವಾಯರು ಸುಡುವಳು. ಒಣಗಿದ ಬಟ್ಟೆ ಮೂಸಿ ನೋಡಿ ಅವ್ವ ಬೈಯುವಳು. ಆ ವಾಸನೆಯ ಓಢಣಿ ಹೊದ್ದು ನಾನು ಬಸ್ಸು ಹತ್ತಿದರೆ ಬಾಜೂ ಸೀಟಿಗೆ ಯಾರೂ ಬರುತ್ತಿರಲಿಲ್ಲ, ಗೋಕಾಕದ ತನಕ ಕಾಲು ಚಾಚಿ ಕೂಡುತ್ತಿದ್ದೆ.

ಅಪ್ಪನಿಗೆ ಮಾತ್ರ ನಾಚಿಕೆಯೋ ನಾಚಿಕೆ. ‘ನಮ್ಮ ಮನಿತನದಾಗ ಯಾರರ ಮೋಡಕಾ ಆರಿಸ್ಯಾರನು? ಮಂದಿ ನನ್ನ ಮುಖಕ್ಕ ಏನಂದಾರು?’ ಎಂದು ಕೂಗಾಡುತ್ತಿದ್ದ. ಅತ್ತಿ ಬರುವುದು ಕಂಡರೆ ಕಟ್ಟೆಯ ಮೇಲೆ ಕೂತವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಈ ಮಾತು ನೆನಪಿಡಿ, ನನ್ನ ಹೊಟ್ಟೆ ಹೆಚ್ಚು ಉರಿಯುವುದೇ ಇದಕ್ಕೆ.

ಮೋಡಕಾ ಕೊಳ್ಳುತ್ತಿದ್ದವರು ಗೋಕಾಕದ ದಸ್ತಗೀರ ಕಾಕಾ. ಅವರು ತೂಗಿ ಕೊಟ್ಟ ರೊಕ್ಕವನ್ನು ಅತ್ತಿ ಎಂದೂ ಮನೆಗೆ ತರಲಿಲ್ಲ. ನೇರ ಸರಾಫರ ಅಂಗಡಿಗೆ ಹೋಗಿ ಲಕ್ಷ್ಮಿಯ ಚಿತ್ರವಿದ್ದ ಬೆಳ್ಳಿ ನಾಣ್ಯ ಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುವಳು. ಬೆಳ್ಳಿಯೇ ಏಕೆ, ಬ್ಯಾಂಕಿನಲ್ಲಿ ಇಡಬಾರದೇ ಎಂದು ಕೇಳಿದೆ. ‘ನೋಟ ಕಂಡ್ರ ನಿಮ್ಮಪ್ಪ ಗೊಬ್ಬರಕ್ಕ ಕೇಳತಾನ. ಬಂಗಾರ ಕಂಡ್ರ ನಿಮ್ಮವ್ವ ಕೇಳತಾಳ, ಲಗ್ನಕ್ಕ ಹಾಕ್ಕೊಂಡು ಹೋಗಾಕ. ಬೆಳ್ಳಿ ರೂಪಾಯಿ ಯಾರೂ ಕೈಗಡ ಕೇಳೂದಿಲ್ಲ’ ಎಂದಳು. ನಾಣ್ಯಗಳು ಜೋಳದ ಡ್ರಮ್ಮಿನ ತಳದಲ್ಲಿ ಇರುತ್ತಿದ್ದವು. ರೊಟ್ಟಿಗೆ ಜೋಳ ತೆಗೆಯುವವಳು ಅವಳೇ ಆದ್ದರಿಂದ ಭಯವಿರಲಿಲ್ಲ. ಕೊನೆಗೆ ಕಾಕಾನೇ ಗೋಕಾಕದಲ್ಲಿ ಮಾರಾಟಕ್ಕಿದ್ದ ಒಂದು ಖೋಲಿ ತೋರಿಸಿದರು. ಮೇಲೆ ಪತ್ರಾಸಿನ ತಗಡು, ಒಂದೇ ಕಿಟಕಿ. ಅತ್ತಿ ಒಳಗೆ ಹೋಗಿ ಬಾಗಿಲು ಮುಚ್ಚಿ, ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳಂತೆ. ದೀಪಾವಳಿ ಮುಗಿದ ಮೇಲೆ ನಾಣ್ಯ ಮಾರಿ ಖೋಲಿ ಕೊಳ್ಳುವುದೆಂದು ಮಾತಾಯಿತು.

ದೀಪಾವಳಿ ಅಮಾವಾಸ್ಯೆಯ ದಿನ ಲಕ್ಷ್ಮೀಪೂಜೆ. ನಾಣ್ಯದ ಸುದ್ದಿ ಅವ್ವನಿಗೆ ಹೇಗೋ ತಿಳಿದಿತ್ತು. ‘ಅಮಾಸಿ ದಿನಾನೂ ಲಕ್ಷ್ಮಿನ್ನ ಜ್ವಾಳದಾಗ ಹುಗದ ಇಡತಿ ಏನ ನಿಂಗವ್ವಾ? ಪಾಪ ಹತ್ತತೈತಿ’ ಎಂದಳು. ಕೆಸರಿಗೆ ಹೆದರದವಳು, ಗಂಡನಿಗೆ ಹೆದರದವಳು ಪಾಪಕ್ಕೆ ಹೆದರಿದಳು. ಡ್ರಮ್ಮಿಗೆ ಕೈ ಹಾಕಿ ನಾಣ್ಯ ತೆಗೆದು, ಹಾಲಿನಲ್ಲಿ ತೊಳೆದು, ತಾಟಿನಲ್ಲಿ ಒಪ್ಪವಾಗಿ ಜೋಡಿಸಿ ಲಕ್ಷ್ಮಿಯ ಮುಂದೆ ಇಟ್ಟಳು. ಇಟ್ಟು ಎಷ್ಟು ಚಂದ ನಕ್ಕಳೆಂದರೆ ನಾನೂ ನಕ್ಕೆ.

ನಮ್ಮದು ಕುರುಬರ ಮನೆ, ಮನೆದೇವರು ಬೀರಪ್ಪ. ಬೀರಪ್ಪನ ಪೂಜೆಗೆ ಭಂಡಾರ ಬೇಕು, ಅಂದರೆ ಅರಿಷಿಣದ ಪುಡಿ. ದೇವರ ಹೆಸರು ಹೇಳಿ ಯಾವುದರ ಮೇಲೆ ಭಂಡಾರ ಹಾರಿಸುತ್ತೇವೋ ಅದು ದೇವರದಾಯಿತು. ಕುರಿಯ ಮೇಲೆ ಹಾರಿಸಿದರೆ ಆ ಕುರಿಯನ್ನು ಸಂತೆಗೆ ಹೊಡೆಯುವಂತಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಲಕ್ಷ್ಮೀಪೂಜೆಗೆ ಭಂಡಾರದ ಚೀಲ ತರುವ ರೂಢಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಆ ದಿನ ಅಪ್ಪ ತಂದ. ಮುಷ್ಟಿ ತುಂಬ ತೆಗೆದ. ‘ಬೀರಪ್ಪನ ಹೆಸರಲೆ ಚಾಂಗಭಲೋ’ ಎಂದವನೇ ನಾಣ್ಯದ ತಾಟಿನ ಮೇಲೆ ಹಾರಿಸಿಬಿಟ್ಟ.

ಅತ್ತಿಯ ಕೈಯಲ್ಲಿ ಆರತಿ ಇತ್ತು. ‘ಅಣ್ಣಾ, ಇವು ನನ್ನವು. ಖೋಲಿಗಂತ ಇಟ್ಟೇನಿ’ ಎಂದಳು.

‘ಭಂಡಾರ ಬಿತ್ತಲ್ಲ. ಇನ್ನ ನಿನ್ನವೂ ಅಲ್ಲ, ನನ್ನವೂ ಅಲ್ಲ’ ಎಂದ ಅಪ್ಪ.

ಅವ್ವ ದೀಪದ ಬತ್ತಿ ಸರಿಮಾಡಿದಳು. ಪೂಜೆಗೆ ಬಂದಿದ್ದ, ಹಿರಿಯರೆನಿಸಿಕೊಂಡ ಕಾಕಂದಿರೆಲ್ಲ ತಾಟಿಗೆ ಕೈಮುಗಿದರು. ಭಂಡಾರಕ್ಕೆ ಎದುರು ಮಾತು ಎಲ್ಲಿಯದು? ಅತ್ತಿಯೂ ಕೈಮುಗಿದಳು ನೋಡಿ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ನಾಣ್ಯ ಕರಗಿಸಿ ಅಪ್ಪ ಬೀರಪ್ಪನಿಗೆ ಒಂದು ಬೆಳ್ಳಿ ಛತ್ರಿ ಮಾಡಿಸಿದ. ಛತ್ರಿಯ ಅಂಚಿಗೆ ‘ಸೇವೆ’ ಎಂದು ಬರೆಸಿ ತನ್ನ ಹೆಸರು, ತನ್ನಪ್ಪನ ಹೆಸರು, ಮನೆತನದ ಹೆಸರು ಕೆತ್ತಿಸಿದ. ಡೊಳ್ಳು ಬಾರಿಸಿಕೊಂಡು, ಹೊಸ ರುಮಾಲು ಸುತ್ತಿಕೊಂಡು ಗುಡಿಗೆ ಒಯ್ದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಅದು ನಮ್ಮ ಮನೆಯಲ್ಲಿ ಬೀರಪ್ಪನ ಹೆಸರಿನಲ್ಲಿ ನಡೆಯಿತು. ಮೋಡಕಾ ಕಂಡು ಮುಖ ತಿರುಗಿಸುತ್ತಿದ್ದವನಿಗೆ ಮೋಡಕಾದ ಬೆಳ್ಳಿ ಹೇಸಿಗೆಯಾಗಲಿಲ್ಲ. ಕೈ ಕೆಸರಾದದ್ದು ಅತ್ತಿಯದು, ಮೊಸರು ಬಿದ್ದದ್ದು ಅಪ್ಪನ ಬಾಯಿಗೆ. ಡೊಳ್ಳು ಇನ್ನೂ ಬಾರಿಸುತ್ತಿರುವಾಗಲೇ ಅತ್ತಿ ಅದೇ ಟ್ರಂಕು ಹೊತ್ತು ಗೋಕಾಕಕ್ಕೆ ಹೋದಳು. ಖೋಲಿ ಬೇರೆಯವರ ಪಾಲಾಗಿತ್ತು. ಕಾಕಾನ ಮೋಡಕಾ ಅಂಗಡಿಯ ಹಿಂದೆ, ಸಾಮಾನು ತುಂಬುವ ಪತ್ರಾಸಿನ ಕೆಳಗೆ ಒಂದು ಮೂಲೆ ಹಿಡಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ಮತ್ತೆ ಒಂದು ಬೆಳ್ಳಿ ನಾಣ್ಯವನ್ನೂ ಕೊಳ್ಳಲಿಲ್ಲ. ಮೊಣಕಾಲು ನೋವಿನ ಗುಳಿಗೆಗೇ ದುಡಿಮೆ ಹೋಗುತ್ತದೆ.

ನಾನು ಮದುವೆಯಾಗಿ ಗೋಕಾಕಕ್ಕೇ ಬಂದೆ. ತವರಿಗೆ ಹೋದಾಗಲೆಲ್ಲ ಅಪ್ಪನ ಜೊತೆ ಒಂದೇ ಜಗಳ: ಛತ್ರಿಯ ಮೇಲೆ ಅತ್ತಿಯ ಹೆಸರು ಹಾಕಿಸು. ‘ಹೆಣ್ಮಕ್ಕಳ ಹೆಸರ ಹಾಕೂ ರೂಢಿ ಇಲ್ಲ’ ಎನ್ನುತ್ತಿದ್ದ ಅವನು. ಲಕ್ಷ್ಮಿಗೆ ಭಂಡಾರ ಹಾರಿಸುವ ರೂಢಿ ಇತ್ತೇನು ಎಂದು ಕೇಳಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ಒಂದು ಹಬ್ಬಕ್ಕೆ ಉಪವಾಸ ಕೂಡುತ್ತೇನೆಂದು ಗುಡುಗಿ ಮೂಲೆ ಸೇರಿದೆ. ಹೋಳಿಗೆಯ ವಾಸನೆ ಬರುವ ತನಕ ಆ ಉಪವಾಸ ಚೆನ್ನಾಗಿಯೇ ನಡೆಯಿತು.

ಮೊನ್ನೆ ಅಪ್ಪನೇ ಫೋನು ಮಾಡಿದ. ಪಲ್ಲಕ್ಕಿಯ ಜೊತೆ ಒಯ್ಯುವಾಗ ಛತ್ರಿ ಕೆಳಗೆ ಬಿದ್ದು ಮುರಿದಿದೆಯಂತೆ. ಅದನ್ನು ಕರಗಿಸಿ, ಮನೆಮನೆಯಿಂದ ಇನ್ನಷ್ಟು ಬೆಳ್ಳಿ ಕೂಡಿಸಿ, ದೊಡ್ಡ ಛತ್ರಿ ಮಾಡಿಸುತ್ತಾರಂತೆ. ‘ಈ ಸಲ ನಿನ್ನ ಮಾತ ನಡಸ್ತೇನವಾ. ನಿಂಗವ್ವನ ಹೆಸರೂ ಹಾಕಸ್ತೇನಿ. ನಿನ್ನ ಪಾಲಿನ ಬೆಳ್ಳಿ ಕೊಟ್ಟ ಕಳಿಸು’ ಎಂದ. ಇಷ್ಟು ವರ್ಷಕ್ಕೆ ಗೆದ್ದೆನಲ್ಲ ಎಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿನ್ನೆ ಸಂಜೆ ಕರದಂಟಿನ ಪೊಟ್ಟಣ ಹಿಡಿದು ಅತ್ತಿಯ ಹತ್ತಿರ ಓಡಿದೆ.

ಅತ್ತಿ ಸುಟ್ಟ ಮೋಟರಿನ ಹೊಟ್ಟೆ ಬಿಚ್ಚುತ್ತಿದ್ದಳು. ಎಲ್ಲ ಕೇಳಿ ಸುತ್ತಿಗೆ ಕೆಳಗಿಟ್ಟಳು.

‘ನನ್ನ ಹೆಸರ್ಯಾಕ?’ ಎಂದಳು. ‘ನಾ ದೇವರಿಗಿ ಕೊಟ್ಟಿಲ್ಲ, ನನ್ನ ಕಡಿಂದ ಕಸಗೊಂಡಾರ. ಈಗ ಸೇವಾ ಅಂತ ನನ್ನ ಹೆಸರ ಹಾಕಿದ್ರ, ನಾನ ಖುಷೀಲೆ ಕೊಟ್ಟಂಗ ಆತಲ್ಲವಾ.’

ಪೊಟ್ಟಣ ಹಿಡಿದುಕೊಂಡು ಪೆದ್ದಿಯಂತೆ ನಿಂತೆ. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡು ಅಪ್ಪನನ್ನು ಕೇಳಿದ್ದು ಇದನ್ನೇ ಏನು? ಅವಳನ್ನೂ ಒಂದು ಮಾತು ಕೇಳಬೇಕೆಂದು ಹೊಳೆದಿರಲೇ ಇಲ್ಲ.

‘ಮತ್ತ ಏನ ಮಾಡೂದತ್ತಿ?’ ಎಂದೆ.

‘ಛತ್ರಿ ಮುರದೈತಿ ಅಂದೆಲ್ಲ. ಮುರದದ್ದು ಮೋಡಕಾ. ತೂಗಿ ನನ್ನ ಬೆಳ್ಳಿ ನನಗ ಕೊಡ್ಲಿ. ಖೋಲಿ ಇನ್ನೂ ಬೇಕು ನನಗ.’

ಈಗ, ಈ ಹೊಗೆಯಲ್ಲೇ ನಿಂತು, ಅಪ್ಪನಿಗೆ ಫೋನು ಹಚ್ಚಿ ಅಷ್ಟನ್ನೂ ಹೇಳಿದೆ. ಕೂಗಾಡಲಿಲ್ಲ. ನನ್ನ ಧ್ವನಿ ನನಗೇ ಹೊಸದೆನಿಸಿತು.

‘ದೇವರ ಬೆಳ್ಳಿನ ತಕ್ಕಡಿಗಿ ಹಾಕ್ತೀರೇನ?’ ಎಂದು ಅಪ್ಪ ಗದರಿದ.

‘ನಾಣ್ಯ ಕರಗಸಾಕ ಒಯ್ದಾಗ ಅಕ್ಕಸಾಲಿ ತೂಗಿದ್ನಲ್ಲಪ್ಪಾ’ ಎಂದೆ. ‘ಆವಾಗ ಯಾರ ಬೆಳ್ಳಿ ಅಂತ ಹೇಳಿ ತೂಗಿಸಿದಿ?’

ಅಪ್ಪ ಫೋನು ಇಟ್ಟುಬಿಟ್ಟ. ನಾವು ಮಧ್ಯಾಹ್ನದ ಬಸ್ಸಿಗೆ ಮೂಡಲಗಿಗೆ ಹೊರಟಿದ್ದೇವೆ. ಅತ್ತಿ ಆಗಲೇ ಸ್ಟ್ಯಾಂಡಿಗೆ ಹೋಗಿ ಕೂತಿದ್ದಾಳಂತೆ, ಕಾಕಾನ ತಕ್ಕಡಿ ಮಡಿಲಲ್ಲಿಟ್ಟುಕೊಂಡು.